ಸೆರೆಯಾಳು ಹೇಳಿಕೊಟ್ಟ ಕವಚ

ಕಷ್ಟ ಬಂದಾಗ ದೇವರನ್ನು ನೆನೆಯುವುದು ನಮ್ಮ ನಾಡಿನಲ್ಲಿ ಯಾರಿಗೂ ಹೊಸದಲ್ಲ. ಹಾಗಾಗಿ ಕ್ರೈಸ್ತರು ತಮ್ಮ ನಂಬಿಕೆಯಲ್ಲಿ ಬಲವನ್ನೂ ರಕ್ಷಣೆಯನ್ನೂ ಹೇಗೆ ಕಾಣುತ್ತಾರೆ ಎಂಬ ಪ್ರಶ್ನೆ ನಿಮ್ಮಲ್ಲಿ ಎದ್ದಿದ್ದರೆ, ಅರ್ಧ ದಾರಿಯನ್ನು ನೀವು ಆಗಲೇ ನಡೆದಿದ್ದೀರಿ. ನೀವು ಕ್ರೈಸ್ತರಾಗಿರಬೇಕಿಲ್ಲ. ಬೈಬಲನ್ನು ಒಮ್ಮೆಯೂ ತೆರೆದಿರಬೇಕಿಲ್ಲ. ತಿಳಿಯುವ ಮನಸ್ಸಿದ್ದರೆ ಸಾಕು. ಬೈಬಲ್ ಪಾಠ ಹೇಳುವುದು ನನಗೆ ಪ್ರಿಯವಾದ ಕೆಲಸ. ಹೊಸಬರು ಬಂದಾಗ ಇಡೀ ಗ್ರಂಥವನ್ನು ಅವರ ಮುಂದೆ ಹರಡುವುದಿಲ್ಲ. ಒಂದು ಚಿಕ್ಕ ಭಾಗವನ್ನು ಆರಿಸಿಕೊಂಡು ಅದರ ಜೊತೆ ಸಾವಧಾನವಾಗಿ ಕೂರುತ್ತೇವೆ. ಇಂದೂ ಹಾಗೆಯೇ ಮಾಡೋಣ.

ಮೊದಲು ಗ್ರಂಥದ ಪರಿಚಯ. ಬೈಬಲ್‌ನಲ್ಲಿ ಎರಡು ಭಾಗಗಳಿವೆ. ಯೇಸುವಿಗಿಂತ ಮುಂಚಿನ ಇಸ್ರಾಯೇಲ್ ಜನರ ಗ್ರಂಥಗಳು ಹಳೆಯ ಒಡಂಬಡಿಕೆ. ಯೇಸುವಿನ ಬದುಕು ಮತ್ತು ಆತನ ಶಿಷ್ಯರ ಕಾಲದ ಬರಹಗಳು ಹೊಸ ಒಡಂಬಡಿಕೆ. ಒಡಂಬಡಿಕೆ ಎಂದರೆ ದೇವರು ಮನುಷ್ಯರೊಂದಿಗೆ ಮಾಡಿಕೊಂಡ ಒಪ್ಪಂದ. ಹೊಸ ಒಡಂಬಡಿಕೆಯಲ್ಲಿ ಅನೇಕ ಪತ್ರಗಳಿವೆ. ದೂರದ ಊರುಗಳಲ್ಲಿದ್ದ ಚಿಕ್ಕ ಚಿಕ್ಕ ಸಭೆಗಳಿಗೆ, ಅಂದರೆ ವಿಶ್ವಾಸಿಗಳ ಗುಂಪುಗಳಿಗೆ, ಬರೆದ ಪತ್ರಗಳು ಅವು. ಅವುಗಳಲ್ಲಿ ಒಂದು ಎಫೆಸದವರಿಗೆ ಬರೆದದ್ದು. ಅದರ ಆರನೆಯ ಅಧ್ಯಾಯದಲ್ಲಿ, ಹತ್ತನೆಯ ವಚನದಿಂದ ಇಪ್ಪತ್ತನೆಯ ವಚನದವರೆಗೆ, ನಮ್ಮ ಪಾಠವಿದೆ. ಕ್ರೈಸ್ತರು ಇದನ್ನು ದೇವರ ಸರ್ವಾಯುಧದ ಭಾಗ ಎಂದು ಕರೆಯುತ್ತಾರೆ. ಸತ್ಯವೆಂಬ ನಡುಕಟ್ಟು, ನೀತಿಯೆಂಬ ಎದೆಗವಚ, ಸಮಾಧಾನದ ಸುವಾರ್ತೆಗೆ ಸಿದ್ಧವಾದ ಕೆರಗಳು, ನಂಬಿಕೆಯೆಂಬ ಗುರಾಣಿ, ರಕ್ಷಣೆಯೆಂಬ ಶಿರಸ್ತ್ರಾಣ, ದೇವರ ವಾಕ್ಯವೆಂಬ ಕತ್ತಿ: ಇವುಗಳನ್ನು ತೊಟ್ಟು ಕೇಡಿನ ಎದುರು ನಿಲ್ಲಿರಿ ಎಂಬುದು ಅದರ ಸಾರ. ಸುವಾರ್ತೆ ಎಂದರೆ ಒಳ್ಳೆಯ ಸುದ್ದಿ. ಯೇಸುವಿನ ಮೂಲಕ ದೇವರು ಮನುಷ್ಯರನ್ನು ತನ್ನೊಂದಿಗೆ ಸಮಾಧಾನಕ್ಕೆ ತಂದುಕೊಂಡ ಸುದ್ದಿ.

ಬರೆದವನು ಪೌಲ. ಅವನು ಅಪೊಸ್ತಲ, ಅಂದರೆ ಕ್ರಿಸ್ತನ ಸುದ್ದಿಯನ್ನು ಸಾರಲು ಕಳುಹಿಸಲ್ಪಟ್ಟವನು. ಪತ್ರವನ್ನು ಅವನ ಶಿಷ್ಯನೊಬ್ಬ ಅವನ ಹೆಸರಿನಲ್ಲಿ ಬರೆದಿರಬಹುದು ಎನ್ನುವ ವಿದ್ವಾಂಸರೂ ಇದ್ದಾರೆ. ಸಭೆಯ ಪರಂಪರೆ ಪೌಲನೇ ಎನ್ನುತ್ತದೆ, ನಾನೂ ಹಾಗೆಯೇ ಓದುತ್ತೇನೆ. ಬರೆಯುವಾಗ ಅವನು ಸೆರೆಯಲ್ಲಿದ್ದ. ತಾನು ಬೇಡಿ ತೊಟ್ಟ ರಾಯಭಾರಿ ಎಂದು ಇದೇ ಭಾಗದ ಕೊನೆಯಲ್ಲಿ ಹೇಳಿಕೊಳ್ಳುತ್ತಾನೆ. ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಪ್ರಕಾರ ರೋಮ್ ನಗರದಲ್ಲಿ ಒಬ್ಬ ಸಿಪಾಯಿ ಅವನನ್ನು ಕಾಯುತ್ತಿದ್ದ, ಎರಡು ವರ್ಷ ಅವನು ಬಾಡಿಗೆಯ ಮನೆಯಲ್ಲೇ ಬಂದಿಯಾಗಿದ್ದ. ಈ ಪತ್ರ ಅಲ್ಲಿಂದಲೇ ಹೊರಟಿತೆಂದು ಪರಂಪರೆ ನಂಬುತ್ತದೆ. ಹಾಗಿದ್ದರೆ ರೋಮನ್ ಸೈನಿಕನ ಉಡುಪನ್ನು ಅವನು ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಅದು ದಿನವೂ ಕಣ್ಣೆದುರಿಗಿತ್ತು. ರಕ್ಷಣೆಯ ಬಗ್ಗೆ ಬರೆಯುತ್ತಿರುವವನು ಸ್ವತಃ ಸಂಕೋಲೆಯಲ್ಲಿದ್ದಾನೆ ಎಂಬ ಈ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಪಾಠದ ಬೀಗ ತೆರೆಯುವುದು ಅಲ್ಲಿಯೇ.

ಇನ್ನು ಓದುಗರ ಊರು. ಎಫೆಸದ ಅವಶೇಷಗಳು ಇಂದಿನ ಟರ್ಕಿಯಲ್ಲಿ, ಸೆಲ್ಚುಕ್ ಪಟ್ಟಣದ ಬಳಿ ಇವೆ. 20,000ಕ್ಕೂ ಹೆಚ್ಚು ಜನ ಕೂರಬಹುದಾಗಿದ್ದ ಕಲ್ಲಿನ ರಂಗಮಂದಿರ ಇಂದಿಗೂ ಅಲ್ಲಿದೆ. ಅರ್ತೆಮೀ ದೇವಿಯ ಗುಡಿ ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿತ್ತು. ಆ ಊರು ಇನ್ನೊಂದಕ್ಕೂ ಹೆಸರಾಗಿತ್ತು: ಕಾಣದ ಶಕ್ತಿಗಳಿಂದ ಕಾಪಾಡುವ ಮಂತ್ರಗಳಿಗೆ. 'ಎಫೆಸದ ಅಕ್ಷರಗಳು' ಎಂಬ ಅರ್ಥ ತಿಳಿಯದ ಪದಗಳನ್ನು ಜನ ಕೇಡಿನ ವಿರುದ್ಧ ಉಚ್ಚರಿಸುತ್ತಿದ್ದರು, ಬರೆದು ಮೈಮೇಲೆ ಧರಿಸುತ್ತಿದ್ದರು. ಪೌಲನ ಬೋಧನೆಯನ್ನು ಒಪ್ಪಿದವರಲ್ಲಿ ಅನೇಕರು ತಮ್ಮ ಮಾಟಮಂತ್ರದ ಪುಸ್ತಕಗಳನ್ನು ತಾವೇ ತಂದು ಸುಟ್ಟರು, ಅವುಗಳ ಬೆಲೆ 50,000 ಬೆಳ್ಳಿ ನಾಣ್ಯಗಳಷ್ಟಾಗಿತ್ತು ಎಂದು ಅಪೊಸ್ತಲರ ಕೃತ್ಯಗಳ 19ನೆಯ ಅಧ್ಯಾಯ ದಾಖಲಿಸುತ್ತದೆ. ಆ ಲೆಕ್ಕದಲ್ಲಿ ನನಗೆ ಕಾಣುವುದು ಆ ಜನರ ಭಯದ ಆಳ. ಭಯ ಸಣ್ಣದಾಗಿದ್ದರೆ ಅಷ್ಟು ಹಣ ಯಾರು ಸುರಿಯುತ್ತಾರೆ?

ಇಂಥ ಊರಿನವರಿಗೆ ಪೌಲ ಒಂದು ಹೊಸ ಮಂತ್ರವನ್ನು ಬರೆದು ಕಳಿಸಬಹುದಾಗಿತ್ತು. 'ಇಗೋ, ಇದು ಇನ್ನೂ ಬಲವಾದದ್ದು' ಎನ್ನಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಕಾಣದ ಕೇಡು ಇದೆ ಎಂಬುದನ್ನು ಅವನು ಅಲ್ಲಗಳೆಯಲೂ ಇಲ್ಲ. ಅದನ್ನು ಸೈತಾನನ ತಂತ್ರ ಎಂದೇ ಕರೆದ. ಸೈತಾನ ಎಂದರೆ ಬೈಬಲ್‌ನಲ್ಲಿ ದೇವರನ್ನು ಎದುರಿಸುವ, ಸುಳ್ಳಾಡುವ, ಮನುಷ್ಯರ ಮೇಲೆ ದೂರು ಹೊರಿಸುವ ದುಷ್ಟಶಕ್ತಿ. ಆದರೆ ಅದರ ಎದುರು ಪೌಲ ಕೊಟ್ಟ ಸಾಮಗ್ರಿ ಯಾವುದು ನೋಡಿ: ಸತ್ಯ, ನೀತಿ, ಸಮಾಧಾನ, ನಂಬಿಕೆ. ಇವುಗಳನ್ನು ಉಚ್ಚರಿಸಿ ಮುಗಿಸಲಾಗುವುದಿಲ್ಲ. ಇವುಗಳಲ್ಲಿ ಬದುಕಬೇಕು. ಸುಳ್ಳಿನ ಮೇಲೆ ನಡೆಯುವ ಮನುಷ್ಯನಿಗೆ ಎಷ್ಟು ಕಾವಲಿದ್ದರೂ ಒಳಗೆ ನಡುಕ ತಪ್ಪದು. ಸಿಕ್ಕಿಬೀಳುವ ಭಯ ಅವನ ಜೊತೆಯಲ್ಲೇ ಮಲಗುತ್ತದೆ, ಏಳುತ್ತದೆ. ಸತ್ಯವನ್ನು ನಡುವಿಗೆ ಬಿಗಿದುಕೊಂಡವನಿಗೆ ಬೇರೆ ಕಷ್ಟಗಳಿರಬಹುದು, ಆ ಒಂದು ಭಯ ಇರುವುದಿಲ್ಲ. ನಡುಕಟ್ಟನ್ನು ಪೌಲ ಮೊದಲು ಹೇಳಿದ್ದು ಇದಕ್ಕೇ ಇರಬೇಕು ಎಂದು ನನಗೆ ಅನಿಸುತ್ತದೆ.

ಇಲ್ಲಿ ಒಂದು ಸಂದೇಹ ನಿಮಗೆ ಬರಬಹುದು. ಸತ್ಯವನ್ನೂ ನೀತಿಯನ್ನೂ ನಾವೇ ಗಳಿಸಿ ತೊಡಬೇಕಾದರೆ ಇದು ಬಲಶಾಲಿಗಳ ಕವಚವಾಯಿತಲ್ಲ? ಸೋತವರ, ದಣಿದವರ ಗತಿ ಏನು? ಇದು ಬಹಳ ಒಳ್ಳೆಯ ಪ್ರಶ್ನೆ. ಉತ್ತರ ಹಳೆಯ ಒಡಂಬಡಿಕೆಯಲ್ಲಿದೆ. ಪೌಲನಿಗಿಂತ ಶತಮಾನಗಳ ಹಿಂದಿನ ಯೆಶಾಯನೆಂಬ ಪ್ರವಾದಿಯ ಗ್ರಂಥದಲ್ಲಿ, 59ನೆಯ ಅಧ್ಯಾಯದಲ್ಲಿ, ನ್ಯಾಯ ಬೀದಿಪಾಲಾಗಿ, ದೀನರ ಪರವಾಗಿ ನಿಲ್ಲುವವರು ಯಾರೂ ಇಲ್ಲದಾಗ ಸ್ವತಃ ದೇವರೇ ಎದ್ದು ನೀತಿಯನ್ನು ಕವಚವಾಗಿ ತೊಟ್ಟು, ರಕ್ಷಣೆಯನ್ನು ಶಿರಸ್ತ್ರಾಣವಾಗಿ ಇಟ್ಟುಕೊಳ್ಳುವ ಚಿತ್ರವಿದೆ. ಅಂದರೆ ಎಫೆಸದವರಿಗೆ ತೊಡಿರೆಂದು ಹೇಳಿದ ಕವಚ ಮೊದಲಿಗೆ ದೇವರದೇ. ಜಡಿಮಳೆಯಲ್ಲಿ ಅಪ್ಪ ತಾನು ಹೊದ್ದ ಕಂಬಳಿಯ ಒಳಗೇ ಮಗುವನ್ನೂ ಸೇರಿಸಿಕೊಳ್ಳುವುದಿಲ್ಲವೆ, ಹಾಗೆ. ಕ್ರೈಸ್ತರು ಕೃಪೆ ಎನ್ನುವುದು ಇದನ್ನೇ: ನಮ್ಮ ಯೋಗ್ಯತೆಯನ್ನು ಅಳೆಯದೆ ದೇವರು ಕೊಡುವ ಪ್ರೀತಿ. ಈ ಪತ್ರದ ಮೊದಲ ಮೂರು ಅಧ್ಯಾಯಗಳು ಹೆಚ್ಚಾಗಿ ಅದರ ಬಗ್ಗೆಯೇ ಇವೆ. ಕವಚದ ಮಾತು ಬರುವುದು ಕೊನೆಯಲ್ಲಿ. ಆ ಕ್ರಮವನ್ನು ತಪ್ಪಿಸಿ ಕೊನೆಯ ಪುಟದಿಂದಲೇ ಶುರುಮಾಡಿದರೆ ನಂಬಿಕೆ ಒಂದು ಕವಾಯತಿನಂತೆ ಕಂಡೀತು.

ಶಿರಸ್ತ್ರಾಣ, ಕತ್ತಿಗಳನ್ನು ನೀವೇ ಓದಿ ತಿಳಿಯಬಲ್ಲಿರಿ. ಗುರಾಣಿಯ ಬಳಿ ಮಾತ್ರ ಸ್ವಲ್ಪ ನಿಲ್ಲೋಣ. ಪೌಲ ಹೇಳುವುದು ಕೈಯಲ್ಲಿ ಹಿಡಿದು ತಿರುಗಿಸುವ ಚಿಕ್ಕ ದುಂಡನೆಯ ಗುರಾಣಿಯನ್ನಲ್ಲ. ರೋಮನ್ ಕಾಲಾಳಿನ ಗುರಾಣಿ ಸುಮಾರು ನಾಲ್ಕು ಅಡಿ ಎತ್ತರದ್ದು. ತೆಳು ಹಲಗೆಗಳನ್ನು ಅಂಟಿಸಿ, ಮೇಲೆ ಬಟ್ಟೆ ಮತ್ತು ತೊಗಲು ಹೊದಿಸಿ ಮಾಡಿದ್ದು. ಅದರ ಹಿಂದೆ ಮನುಷ್ಯ ಬಹುಮಟ್ಟಿಗೆ ಪೂರ್ತಿ ಮರೆಯಾಗುತ್ತಿದ್ದ. ಅದರ ನಿಜವಾದ ಬಲ ಇನ್ನೊಂದು ಕಡೆ ಇತ್ತು. ಬಾಣಗಳು ಬೀಳುವಾಗ ಸೈನಿಕರು ಒಬ್ಬರಿಗೊಬ್ಬರು ಒತ್ತಿ ನಿಂತು ಗುರಾಣಿಗಳನ್ನು ಮುಂದೆಯೂ ತಲೆಯ ಮೇಲೂ ಜೋಡಿಸುತ್ತಿದ್ದರು. ಆ ರಚನೆಗೆ ಆಮೆ ಎಂದೇ ಹೆಸರು. ಪೌಲ ಈ ಮಾತುಗಳನ್ನು ಬರೆದದ್ದು ಒಬ್ಬ ವ್ಯಕ್ತಿಗಲ್ಲ, ಒಂದು ಸಭೆಗೆ. ಅಂದ ಮೇಲೆ, ನನ್ನ ನಂಬಿಕೆ ಬಲಹೀನವಾದ ದಿನ ಪಕ್ಕದವರ ನಂಬಿಕೆ ನನ್ನನ್ನು ಮರೆಮಾಡುತ್ತದೆ. ಅವರು ಸೋತ ದಿನ ನನ್ನದು ಅವರನ್ನು. ಕ್ರೈಸ್ತರು ಭಾನುವಾರ ಒಟ್ಟಾಗಿ ಸೇರುವುದರಲ್ಲಿ, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸುವುದರಲ್ಲಿ, ಸಾವಿನ ಮನೆಯಲ್ಲಿ ಹಾಡುವುದರಲ್ಲಿ ಇದೇ ಅರಿವು ಇದೆ. ಒಂಟಿಯಾಗಿ ಧೀರನಾಗಿರು ಎಂದು ಈ ಪತ್ರ ಯಾರಿಗೂ ಹೇಳುವುದಿಲ್ಲ.

ಈಗ ಕಠಿಣವಾದ ಭಾಗಕ್ಕೆ ಬರೋಣ. ರಕ್ಷಣೆ ಎಂದರೆ ಏನು? ನಂಬಿದವರಿಗೆ ಅಪಘಾತವಾಗುವುದಿಲ್ಲವೆ, ರೋಗ ತಗಲುವುದಿಲ್ಲವೆ?

ಹಳೆಯ ಒಡಂಬಡಿಕೆಯಲ್ಲಿ ಕೀರ್ತನೆಗಳು ಎಂಬ 150 ಪ್ರಾರ್ಥನಾಗೀತೆಗಳ ಪುಸ್ತಕವಿದೆ. ಅದರ 91ನೆಯ ಕೀರ್ತನೆ ರಕ್ಷಣೆಯ ಕೀರ್ತನೆ ಎಂದೇ ಪ್ರಸಿದ್ಧ. ದೇವರ ರೆಕ್ಕೆಗಳ ಮರೆ, ರಾತ್ರಿಯ ಭಯ, ಹಗಲಿನ ಬಾಣ, ಕಾಲು ಕಲ್ಲಿಗೆ ತಗಲದಂತೆ ಎತ್ತಿಕೊಳ್ಳುವ ದೇವದೂತರು, ಇವೆಲ್ಲ ಅದರಲ್ಲಿವೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ಬರೆದ ನಿಯಮದಲ್ಲಿ ಪ್ರತಿ ರಾತ್ರಿ ಮಲಗುವ ಮುನ್ನ ಇದನ್ನು ಹೇಳಬೇಕೆಂದು ವಿಧಿಸಿದ. ಇಷ್ಟು ಪ್ರಿಯವಾದ ಕೀರ್ತನೆಯನ್ನು ಹೊಸ ಒಡಂಬಡಿಕೆಯಲ್ಲಿ ಯೇಸುವಿನ ಬದುಕನ್ನು ಹೇಳುವ ಮತ್ತಾಯನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಯಾರ ಬಾಯಲ್ಲಿ ಕೇಳುತ್ತೇವೆ ಗೊತ್ತೆ? ಸೈತಾನನ ಬಾಯಲ್ಲಿ. ಅವನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಕೆಳಗೆ ಹಾರು, ದೇವದೂತರು ನಿನ್ನನ್ನು ಎತ್ತಿಕೊಳ್ಳುತ್ತಾರೆಂದು ಬರೆದಿದೆಯಲ್ಲ ಎನ್ನುತ್ತಾನೆ. ಯೇಸು ಹಾರುವುದಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದು ಬೇರೊಂದು ವಚನದಿಂದ ಉತ್ತರಿಸುತ್ತಾನೆ. ದೇವರ ಮಾತನ್ನು ಹಿಡಿದು ದೇವರಿಂದಲೇ ಚಮತ್ಕಾರ ವಸೂಲು ಮಾಡುವುದು ನಂಬಿಕೆಯಲ್ಲ ಎಂಬ ಪಾಠ ಇಲ್ಲಿದೆ. ಅದೇ ಯೇಸು ಮುಂದೆ ಗೆತ್ಸೇಮನೆ ಎಂಬ ತೋಟದಲ್ಲಿ, ಹಿಡಿಯಲ್ಪಡುವ ರಾತ್ರಿ, ಸಂಕಟ ತಪ್ಪಲಿ ಎಂದು ಬೇಡಿಕೊಂಡ. ಆದರೂ ತಂದೆಯಾದ ದೇವರ ಚಿತ್ತವೇ ಆಗಲಿ ಎಂದ. ಸಂಕಟ ತಪ್ಪಲಿಲ್ಲ. ಮರುದಿನ ಆತನನ್ನು ಶಿಲುಬೆಗೆ ಏರಿಸಿದರು. ಆದರೆ ಮೂರನೆಯ ದಿನ ದೇವರು ಆತನನ್ನು ಸತ್ತವರೊಳಗಿಂದ ಎಬ್ಬಿಸಿದನು ಎಂಬುದೇ ಕ್ರೈಸ್ತ ನಂಬಿಕೆಯ ಹೃದಯ. ಆದ್ದರಿಂದ ಕ್ರೈಸ್ತರಿಗೆ ರಕ್ಷಣೆ ಎಂದರೆ ಗಾಯವೇ ಆಗದಿರುವುದಲ್ಲ. ಯಾವ ಗಾಯವೂ, ಸಾವೂ ಕೂಡ, ದೇವರ ಪ್ರೀತಿಯಿಂದ ತಮ್ಮನ್ನು ಕಿತ್ತುಕೊಳ್ಳಲಾರದು ಎಂಬ ಭರವಸೆ ಅದು. ರೋಮಾಪುರದವರಿಗೆ, ಅಂದರೆ ರೋಮ್ ನಗರದ ಸಭೆಗೆ, ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಪೌಲ ಹಸಿವು, ಹಿಂಸೆ, ಕತ್ತಿ ಎಲ್ಲವನ್ನೂ ಹೆಸರಿಸಿಯೇ ಇದನ್ನು ಹೇಳುತ್ತಾನೆ. ತನ್ನ ಶರೀರದಲ್ಲಿ ನಾಟಿದ ಒಂದು ಶೂಲವನ್ನು ತೆಗೆದುಹಾಕೆಂದು ತಾನು ಮೂರು ಸಲ ಬೇಡಿದ್ದನ್ನೂ, ಅದು ಹೋಗದೆ, ಕೃಪೆಯೇ ಸಾಕೆಂಬ ಉತ್ತರ ಬಂದದ್ದನ್ನೂ ಅವನು ಮುಚ್ಚಿಡುವುದಿಲ್ಲ. ಅದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 12ನೆಯ ಅಧ್ಯಾಯದಲ್ಲಿದೆ.

ಇದೆಲ್ಲ ಒಬ್ಬ ಮನುಷ್ಯನ ಬದುಕಿನಲ್ಲಿ ಹೇಗೆ ನಡೆಯುತ್ತದೆ ಎಂದು ನೋಡಲು ನಾನು ಯಾವಾಗಲೂ ಮಾರ್ಟಿನ್ ಲೂಥರ್ ಕಿಂಗ್ ಅವರ ಅಡುಗೆಮನೆಗೆ ಕರೆದೊಯ್ಯುತ್ತೇನೆ. ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ನಗರ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಕರಿಯ ಮಹಿಳೆ ಬಸ್ಸಿನಲ್ಲಿ ಬಿಳಿಯನೊಬ್ಬನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾಗಿದ್ದರು. ಅದನ್ನು ಪ್ರತಿಭಟಿಸಿ ಕರಿಯ ಜನ ಬಸ್ಸುಗಳನ್ನು ಬಹಿಷ್ಕರಿಸಿ ನಡೆಯತೊಡಗಿದ್ದರು. ಆ ಹೋರಾಟದ ಮುಂದಾಳುತನ ಬಂದದ್ದು 26 ವರ್ಷದ ಪಾಸ್ಟರ್ ಆಗಿದ್ದ ಕಿಂಗ್ ಅವರಿಗೆ. ಪಾಸ್ಟರ್ ಎಂದರೆ ಸಭೆಯ ಪಾಲಕ. ಮನೆಗೆ ಬೆದರಿಕೆಯ ಕರೆಗಳು ಬರುತ್ತಲೇ ಇದ್ದವು. 1956ರ ಜನವರಿ 27ರ ತಡರಾತ್ರಿ ಇನ್ನೊಂದು ಕರೆ ಬಂತು. ಊರು ಬಿಡದಿದ್ದರೆ ನಿನ್ನನ್ನೂ ಮನೆಯನ್ನೂ ಮುಗಿಸುತ್ತೇವೆ ಎಂಬ ಅರ್ಥದ್ದು. ಹೆಂಡತಿ ಕೊರೆಟಾ ಮತ್ತು ಎರಡು ತಿಂಗಳ ಮಗಳು ಮಲಗಿದ್ದರು. ಕಿಂಗ್ ಅವರಿಗೆ ನಿದ್ದೆ ಹತ್ತಲಿಲ್ಲ. ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಕುಳಿತರು. ಹೇಡಿ ಎನ್ನಿಸಿಕೊಳ್ಳದೆ ಇದರಿಂದ ಹೊರಬರುವುದು ಹೇಗೆ ಎಂದು ಯೋಚಿಸತೊಡಗಿದರು. ಅಪ್ಪನಿಂದ ಕಲಿತ ಧರ್ಮ, ಕಾಲೇಜಿನಲ್ಲಿ ಓದಿದ ದೇವತಾಶಾಸ್ತ್ರ, ಆ ಹೊತ್ತಿಗೆ ಯಾವುದೂ ಸಾಲಲಿಲ್ಲ. ಮೇಜಿನ ಮೇಲೆ ತಲೆಬಾಗಿಸಿ ಗಟ್ಟಿಯಾಗಿ ಪ್ರಾರ್ಥಿಸಿದರು: ನಾನು ಬಲಹೀನ, ಧೈರ್ಯ ಕಳೆದುಕೊಳ್ಳುತ್ತಿದ್ದೇನೆ, ಇನ್ನು ಒಬ್ಬನೇ ಇದನ್ನು ಎದುರಿಸಲಾರೆ ಎಂದು. ಆಗ ನೀತಿಗಾಗಿ, ನ್ಯಾಯಕ್ಕಾಗಿ, ಸತ್ಯಕ್ಕಾಗಿ ನಿಲ್ಲು, ನಾನು ನಿನ್ನೊಂದಿಗಿದ್ದೇನೆ ಎಂಬ ಒಳದನಿ ಕೇಳಿದಂತಾಯಿತು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಎಫೆಸದವರ ಪತ್ರದಲ್ಲಿ ನೀವು ಈಗಷ್ಟೇ ಕಂಡ ನಡುಕಟ್ಟೂ ಎದೆಗವಚವೂ ಇವೇ ಅಲ್ಲವೆ!

ಮೂರು ದಿನಗಳ ಬಳಿಕ, ಜನವರಿ 30ರ ರಾತ್ರಿ, ಅವರ ಮನೆಗೆ ಬಾಂಬು ಬಿತ್ತು. ಅವರು ಸಭೆಯೊಂದರಲ್ಲಿದ್ದರು. ಮನೆಯಲ್ಲಿದ್ದ ಹೆಂಡತಿ, ಮಗು ಅಪಾಯವಿಲ್ಲದೆ ಪಾರಾದರು. ಸಿಟ್ಟಿಗೆದ್ದ ಜನ ಆಯುಧಗಳೊಂದಿಗೆ ಮನೆಯ ಮುಂದೆ ನೆರೆದಿದ್ದರು. ಕಿಂಗ್ ಮುಂಬಾಗಿಲ ಜಗಲಿಯಲ್ಲಿ ನಿಂತು, ಆಯುಧಗಳನ್ನು ಮನೆಗೆ ಒಯ್ಯಿರಿ, ವೈರಿಗಳನ್ನೂ ಪ್ರೀತಿಸಬೇಕು ಎಂದು ಹೇಳಿ ಅವರನ್ನು ಶಾಂತವಾಗಿ ಕಳಿಸಿದರು. ಅಂದು ಅವರ ಕಾಲಲ್ಲಿ ಸಮಾಧಾನದ ಕೆರಗಳಿದ್ದವು ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅದೇ ವರ್ಷದ ಡಿಸೆಂಬರ್ 21ರಂದು ಆ ಊರಿನ ಬಸ್ಸುಗಳಲ್ಲಿ ಬಣ್ಣದ ಭೇದ ಕೊನೆಗೊಂಡಿತು. 1968ರ ಏಪ್ರಿಲ್ 4ರಂದು ಮೆಂಫಿಸ್ ನಗರದಲ್ಲಿ ಕಿಂಗ್ ಅವರನ್ನು ಗುಂಡಿಕ್ಕಿ ಕೊಂದರು. ಈ ಕೊನೆಯ ಸಂಗತಿಯನ್ನು ಬಿಟ್ಟು ಕಥೆ ಹೇಳಬಾರದು. ಅಡುಗೆಮನೆಯಲ್ಲಿ ಅವರಿಗೆ ಸಿಕ್ಕ ಮಾತು ಜೊತೆಗಿರುವ ಮಾತಾಗಿತ್ತು, ಗುಂಡು ತಗಲದು ಎಂಬ ಮಾತಾಗಿರಲಿಲ್ಲ.

ಹೊಸಬರಾದ ನಿಮಗೆ ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ಈ ಬೋಧನೆಯನ್ನು ತಪ್ಪಾಗಿ ಬಳಸುವವರು ನಿಮಗೆ ಎದುರಾಗಬಹುದು. ರೋಗ ವಾಸಿಯಾಗದಿದ್ದರೆ ನಿಮ್ಮ ನಂಬಿಕೆ ಕಡಿಮೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪೌಲನ ಶೂಲ ಹೋಗಲಿಲ್ಲ, ಅವನ ನಂಬಿಕೆ ಕಡಿಮೆಯಿತ್ತೆ? ಔಷಧಿ ತೆಗೆದುಕೊಳ್ಳುವುದು, ಹೊಡೆತ ತಿನ್ನುತ್ತಿರುವವರು ಮನೆ ಬಿಟ್ಟು ಬಂದು ಪೊಲೀಸರ ನೆರವು ಕೇಳುವುದು, ಮನಸ್ಸು ಕುಸಿದಾಗ ವೈದ್ಯರನ್ನು ಕಾಣುವುದು ನಂಬಿಕೆಗೆ ವಿರುದ್ಧವಲ್ಲ. ಎರಡನೆಯದು: ಯುದ್ಧದ ಈ ಚಿತ್ರವನ್ನು ಹಿಡಿದು ನೆರೆಯವರನ್ನು ವೈರಿ ಎಂದು ತೋರಿಸುವವರಿದ್ದಾರೆ. ಪೌಲ ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ. ನಮ್ಮ ಹೋರಾಟ ಮನುಷ್ಯರ ವಿರುದ್ಧ ಅಲ್ಲ ಎಂದು ಹನ್ನೆರಡನೆಯ ವಚನದಲ್ಲೇ ಸ್ಪಷ್ಟಪಡಿಸಿದ್ದಾನೆ. ಅನ್ಯಧರ್ಮದವರು, ಬೇರೆ ಜಾತಿಯವರು, ನಮ್ಮನ್ನು ನೋಯಿಸಿದವರು ಕೂಡ ಆ ವೈರಿಯಲ್ಲ. ಆ ವಚನವನ್ನು ಓದದೆ ಕವಚ ತೊಟ್ಟವರಿಂದ ಚರಿತ್ರೆಯಲ್ಲಿ ಬಹಳ ಕೇಡಾಗಿದೆ.

ಇನ್ನು ನೀವೇ ಓದಲು ತೊಡಗಬಹುದು. ಕನ್ನಡದ ಬೈಬಲ್ ಸುಲಭವಾಗಿ ಸಿಗುತ್ತದೆ. ಸತ್ಯವೇದ ಎನ್ನುವುದೂ ಪವಿತ್ರ ಬೈಬಲ್ ಎನ್ನುವುದೂ ಇದಕ್ಕೇ, ಅನುವಾದದಲ್ಲಿ ಹೆಸರುಗಳ ರೂಪ ಸ್ವಲ್ಪ ಬೇರೆ ಇರಬಹುದು. ಎಫೆಸದವರ ಪತ್ರದಲ್ಲಿ ಇರುವುದು ಆರೇ ಅಧ್ಯಾಯ. ಅರ್ಧ ಗಂಟೆ ಸಾಕು. ಮೊದಲಿನಿಂದ ಓದಿ, ಕವಚಕ್ಕೆ ಕೊನೆಯಲ್ಲಿ ಬನ್ನಿ. ಮರುದಿನ 91ನೆಯ ಕೀರ್ತನೆಯನ್ನೂ ಮತ್ತಾಯನ ನಾಲ್ಕನೆಯ ಅಧ್ಯಾಯವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಅರ್ಥವಾಗದ್ದನ್ನು ಗುರುತು ಹಾಕಿ, ಒಬ್ಬ ಪಾದ್ರಿಯನ್ನೋ ಬೈಬಲ್ ಓದಿಕೊಂಡ ಗೆಳೆಯರನ್ನೋ ಕೇಳಿ. ಕೇಳುವುದರಿಂದ ನಂಬಿಕೆಗೆ ಅಪಚಾರವಾಗುವುದಿಲ್ಲ.

ಪ್ರಾರ್ಥಿಸಬೇಕು ಎನಿಸಿದರೆ ಹೇಗೆ ಎಂದು ಅನೇಕರು ಕೇಳುತ್ತಾರೆ. ಅದಕ್ಕೆ ವಿಶೇಷ ಭಾಷೆ ಬೇಡ. ಕಿಂಗ್ ಅವರು ಅಡುಗೆಮನೆಯಲ್ಲಿ ಹೇಳಿದಂತೆ, ಇದ್ದದ್ದನ್ನು ಇದ್ದಂತೆ ಹೇಳಿದರೆ ಸಾಕು. ಜೊತೆಗೆ ಇನ್ನೊಬ್ಬರನ್ನು ನೆನೆಯಿರಿ. ಕವಚದ ಆರೂ ಭಾಗಗಳನ್ನು ಹೇಳಿ ಮುಗಿಸಿದ ಮೇಲೆ ಪೌಲ ಎಲ್ಲರಿಗಾಗಿ ಪ್ರಾರ್ಥಿಸಿರಿ ಎಂದು ಕೇಳುತ್ತಾನೆ, ನನಗಾಗಿಯೂ ಎಂದು ಸೇರಿಸುತ್ತಾನೆ. ಅವನು ಏನನ್ನು ಬೇಡಿಕೊಳ್ಳಲು ಹೇಳಿದ ಎಂಬುದನ್ನು 19 ಮತ್ತು 20ನೆಯ ವಚನಗಳಲ್ಲಿ ನೋಡಿ. ಬಿಡುಗಡೆಯ ಮಾತು ಅಲ್ಲಿ ಇಲ್ಲ. ಹೇಳಬೇಕಾದದ್ದನ್ನು ಅಂಜದೆ ಹೇಳಲು ತನಗೆ ಮಾತು ದೊರೆಯಲಿ ಎಂದಷ್ಟೇ ಬೇಡಿಕೊಳ್ಳಲು ಹೇಳಿ, ಪತ್ರವನ್ನು ತುಖಿಕನೆಂಬ ಗೆಳೆಯನ ಕೈಗೆ ಕೊಟ್ಟು ಕಳಿಸಿದ.